8ರ ಫ್ಯಾಕ್ಟೋರಿಯಲ್ ಮೈನಸ್ ಯಾಕ ಬಂತು? ಸಿ ಕಲಿತ ಮೊದಲ ಸೆಮಿಸ್ಟರ್, ಕನ್ನಡ ಮೀಡಿಯಂನಿಂದ ಬಂದಾಕಿಯ ಅನುಭವ

ಮುಂಡರಗಿ_ಬಿಸಿಎ

ಎಲ್ಲಾರಿಗೂ ನಮಸ್ಕಾರ. ಮೊದಲ ಸೆಮಿಸ್ಟರ್ ಪರೀಕ್ಷೆ ಮುಗಿದು ಹತ್ತು ದಿನ ಆತು. ಸಿ ಪ್ರೋಗ್ರಾಮಿಂಗ್ ಹೆಂಗ ಕಲಿತೆ ಅನ್ನೂದನ್ನ ಮರೆಯೂದ್ರೊಳಗ ಬರದಿಡಬೇಕು ಅನಿಸ್ತು. ಮುಂದಿನ ವರ್ಷ ನಮ್ಮಂಥ ಸಾಲಿಯಿಂದ ಬರೂ ಹುಡುಗ್ರಿಗೆ ಉಪಯೋಗ ಆಗಬಹುದು. ನನಗೂ ನಿಮ್ಮ ಕಡೆ ಒಂದೆರಡು ಪ್ರಶ್ನೆ ಕೇಳೂದೈತಿ.

ನಾನು ಮುಂಡರಗಿ ತಾಲೂಕಿನಾಕಿ. ಹತ್ತನೇತ್ತ ಮಟ ಊರಾಗಿನ ಸರ್ಕಾರಿ ಸಾಲಿ, ಆಮ್ಯಾಲೆ ಪಿಯುಸಿ ಕಾಮರ್ಸ್, ಎಲ್ಲಾ ಕನ್ನಡ ಮೀಡಿಯಂ. ಈಗ ಗದಗದಾಗ ಬಿಸಿಎ. ದಿನಾ ಬಸ್ಸಿನ್ಯಾಗ ಹೋಗಿ ಬರ್ತೀನಿ, ಒಂದು ಕಡೆಗೆ ತಾಸಿಗೂ ಮ್ಯಾಲೆ ಹಿಡೀತೈತಿ. 2023ರಾಗ ಶಕ್ತಿ ಯೋಜನೆ ಬಂದ ಮ್ಯಾಲೆ ಟಿಕೆಟಿನ ಖರ್ಚಿಲ್ಲ, ಇಲ್ಲಾಂದ್ರ ಅಪ್ಪ ದಿನಾ ಗದಗ ಮಟ ಕಳಸ್ತಿದ್ರೋ ಇಲ್ಲೋ ಗೊತ್ತಿಲ್ಲ. ಮನಿಯಾಗ ಕಂಪ್ಯೂಟರ್ ಇಲ್ಲ, ಒಂದು ಮೊಬೈಲ್ ಐತಿ. ಕಾಲೇಜಿನ್ಯಾಗ ವಾರಕ್ಕ ಎರಡು ಲ್ಯಾಬ್, ಒಂದು ಕಂಪ್ಯೂಟರಿಗೆ ಮೂರು ಮಂದಿ. ಕೀಬೋರ್ಡ್ ಯಾರ ಕೈಯಾಗ ಇರ್ತೈತೋ ಅವರು ಕಲೀತಾರ, ಉಳಿದಿಬ್ಬರು ನೋಡ್ತಾರ. ಮೊದಲ ಎರಡು ತಿಂಗಳು ನಾನು ನೋಡೂ ಪೈಕಿ.

ಮೊದಲ ವಾರದಾಗ 'ಡಿಕ್ಲರೇಷನ್', 'ಇನಿಷಿಯಲೈಸೇಷನ್', 'ಮಾಡ್ಯುಲಸ್ ಆಪರೇಟರ್' ಅಂತ ಒಂದರ ಬೆನ್ನಿಗೊಂದು ಶಬ್ದ ಬಂದ್ವು. ಬೋರ್ಡಿನ ಮ್ಯಾಲಿದ್ದದ್ದನ್ನ ಇದ್ದಂಗ ಬರಕೊಂಡೆ. ಮನಿಗೆ ಬಂದು ಓದಿದ್ರ ಒಂದೂ ತಿಳೀಲಿಲ್ಲ. ತಿಳೀಲಾರದ್ದು ಶಬ್ದ. ನಾ ಮಾತ್ರ, ಈ ವಿಷಯನ ನನ್ನ ತಲಿಗೆ ಹತ್ತಂಗಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಆ ಒಂದು ತೀರ್ಮಾನಕ್ಕ ನನ್ನ ಎರಡು ತಿಂಗಳು ಹೋದ್ವು.

ತಿಳೀಲಿಲ್ಲ ಅಂದ ಮ್ಯಾಲೆ ಉಳಿದದ್ದು ಬಾಯಿಪಾಠ. ಲ್ಯಾಬ್ ಮ್ಯಾನ್ಯುಯಲ್‌ನ್ಯಾಗಿನ 12 ಪ್ರೋಗ್ರಾಮ್ ಸೆಮಿಕೋಲನ್ ಸಮೇತ ಬಾಯಿಪಾಠ ಮಾಡಿದೆ. ಇಂಟರ್ನಲ್ ದಿವಸ ಚೀಟಿ ಎತ್ತಿದೆ, ಪ್ಯಾಲಿಂಡ್ರೋಮ್ ಬಂತು, ಅಂದ್ರ ಸಂಖ್ಯೆಯನ್ನ ತಿರುಗಿಸಿ ಬರದ್ರೂ ಅದ ಇರ್ತೈತೇನು ಅಂತ ನೋಡೂದು. ಬರದೆ, ಔಟ್‌ಪುಟ್ ಸರಿಯಾಗಿ ಬಂತು. ಮೇಡಂ ನೋಡಿ, "ಇದನ್ನ ಸ್ವಲ್ಪ ಬದಲಿ ಮಾಡು. ಕೊಟ್ಟ ಸಂಖ್ಯೆಯೊಳಗ ಎಷ್ಟು ಅಂಕಿ ಅದಾವ ಅಂತ ಎಣಿಸಬೇಕು" ಅಂದ್ರು. ಕೈ ನಿಂತು ಹೋತು. ಹತ್ತು ನಿಮಿಷ ಪರದೆ ನೋಡಿಕೋತ ಕುಂತೆ. ಅವರು ಬೈಲಿಲ್ಲ. ಒಂದು ಹಾಳಿ ಕೊಟ್ಟು, "472 ತಗೋ. ಈಗ ನೀನ ಕಂಪ್ಯೂಟರ್. ಒಂದೊಂದ ಸಾಲು ಓದು, ಯಾವ ಡಬ್ಬಿಯೊಳಗ ಏನು ಬಂತು ಅಂತ ಬರೀತಾ ಹೋಗು" ಅಂದ್ರು.

ಎರಡು ಕಾಲಂ ಹಾಕಿದೆ, ಎನ್ ಮತ್ತು ಆರ್. ಎನ್ 472, ಆರ್ 0. ಎನ್ % 10 ಅಂದ್ರ 2 ಬರ್ತೈತಿ. ಆರ್ ಅನ್ನ 10ರಿಂದ ಗುಣಿಸಿ ಈ 2 ಕೂಡಿಸಿದ್ರ ಆರ್ 2 ಆತು. ಎನ್ ಅನ್ನ 10ರಿಂದ ಭಾಗಿಸಿದ್ರ 47 ಉಳೀತು. ಮುಂದ 7, ಆರ್ 27, ಎನ್ 4. ಮುಂದ 4, ಆರ್ 274, ಎನ್ 0. ಲೂಪ್ ಮುಗೀತು. ಮೂರು ಸಲ ತಿರುಗ್ತು, ಅಂದ್ರ ಮೂರು ಅಂಕಿ. ಎಣಿಸೂ ಪ್ರೋಗ್ರಾಮ್ ಅದರೊಳಗ ಇತ್ತು!

ಆ ಹಾಳಿ ಮ್ಯಾಲೆ ನನಗ ಕಂಡದ್ದು ಇನ್ನೊಂದು ಸಂಗತಿ. ಆ % ಚಿಹ್ನೆಗೆ ಮಾಡ್ಯುಲಸ್ ಆಪರೇಟರ್ ಅಂತ ಎರಡು ತಿಂಗಳು ಹೆದರಿದ್ದೆನಲ್ಲ, ಅದು ಶೇಷ. ನಾಕನೇತ್ತದಾಗ ಭಾಗಾಕಾರ ಮಾಡಿ ಕೆಳಗ ಬರೀತಿದ್ದ ಶೇಷ. ನನಗದು ಹತ್ತು ವರ್ಷದಿಂದ ಗೊತ್ತಿತ್ತು.

ಅವತ್ತಿಂದ ಬಸ್ಸಿನ್ಯಾಗ ಅದನ್ನ ಮಾಡಿದೆ. 200 ಪುಟದ ನೋಟ್‌ಬುಕ್, ಒಂದೊಂದು ವೇರಿಯಬಲ್ಲಿಗೆ (ಮೇಡಂ ಡಬ್ಬಿ ಅಂದದ್ದು ಇದಕ್ಕ) ಒಂದು ಕಾಲಂ. ಇದಕ್ಕ ಡ್ರೈ ರನ್ ಅಂತಾರಂತ, ಆ ಹೆಸರು ನನಗ ಆಮ್ಯಾಲೆ ಗೊತ್ತಾತು. ಹಿಂದಿನ ಪುಟದಾಗ ಎರರ್ ಮೆಸೇಜುಗಳ ಪಟ್ಟಿ, ಮುಂದ ಕನ್ನಡದಾಗ ಅರ್ಥ. 'ಅನ್‌ಡಿಫೈನ್ಡ್ ಸಿಂಬಲ್' ಅಂದ್ರ ಈ ಹೆಸರಿನ ಡಬ್ಬಿ ನೀ ಹೇಳೇ ಇಲ್ಲ. 'ಎಲ್‌ವ್ಯಾಲ್ಯೂ ರಿಕ್ವೈರ್ಡ್' ಅಂದ್ರ ಸಮ ಚಿಹ್ನೆಯ ಎಡಕ್ಕ ಡಬ್ಬಿ ಇರಬೇಕು, ನೀ ಅಲ್ಲಿ ಬ್ಯಾರೆ ಏನೋ ಇಟ್ಟೀದಿ. ಸೆಮಿಕೋಲನ್ ಬಿಟ್ರ ಎರರ್ ಮುಂದಿನ ಸಾಲಿನ್ಯಾಗ ತೋರಸ್ತೈತಿ, ಅದಕ್ಕ ಯಾವಾಗಲೂ ಒಂದ ಸಾಲು ಮ್ಯಾಲೆ ನೋಡಬೇಕು. ಹಿಂಗ 14 ಆಗ್ಯಾವ. ಇಷ್ಟು ಆದ ಮ್ಯಾಲೆ ಪರದೆ ಮ್ಯಾಲೆ ಎರರ್ ಬಂದ್ರ ಎದಿ ಹಾರೂದು ನಿಂತ್ತು.

ಈಗ ಆ ಫ್ಯಾಕ್ಟೋರಿಯಲ್ ಮಾತು, ಅಂದ್ರ 1 ರಿಂದ ಆ ಸಂಖ್ಯೆ ಮಟ ಎಲ್ಲಾನೂ ಗುಣಿಸೂದು. ಲ್ಯಾಬಿನ್ಯಾಗ 5 ಕೊಟ್ರ 120, 7 ಕೊಟ್ರ 5040. 8 ಕೊಟ್ಟೆ, -25216 ಬಂತು. ಧನ ಸಂಖ್ಯೆಗಳನ್ನ ಗುಣಿಸಿದ್ರ ಋಣ ಹೆಂಗ ಬರ್ತೈತಿ? ಲ್ಯಾಬಿನ್ಯಾಗ ಇದ್ದವರಿಗೆ ಕೇಳಿದೆ. "ಅದು ಹಂಗ ಬರ್ತದ, ರೆಕಾರ್ಡಿನ್ಯಾಗ 5 ಹಾಕಿ ಬರಿ, ಮುಂದ ಹೋಗು" ಅಂದ್ರು. ಮನಿಗೆ ಬಂದು ಮೊಬೈಲಿನ್ಯಾಗಿನ ಕಂಪೈಲರಿಗೆ (ಪ್ರೋಗ್ರಾಮ್ ಓಡಿಸೂ ಆ್ಯಪ್) ಅದ ಪ್ರೋಗ್ರಾಮ್ ಕೊಟ್ಟೆ, 40320 ಬಂತು. ಒಂದಕ್ಷರ ಬದಲಿ ಇಲ್ಲ, ಉತ್ತರ ಎರಡು. ಡ್ರೈ ರನ್ ಮಾಡಿದ್ರೂ 40320. ಮೂರು ದಿವಸ ತಲಿಯೊಳಗ ಅದ ಇತ್ತು. ಕಡೀಕ 40320ರಾಗ ಎಷ್ಟು ಕಳದ್ರ -25216 ಆಗ್ತೈತಿ ಅಂತ ನೋಡಿದೆ. 65536. ಇದು 2ನ್ನ 16 ಸಲ ಗುಣಿಸಿದ ಸಂಖ್ಯೆ ಅಂತ ಗೊತ್ತಾತು, ಆದ್ರ ಪೂರ್ತಿ ಬಿಡಿಸಿಕೊಳ್ಳಾಕ ಆಗಿಲ್ಲ.

ನನ್ನ ಪ್ರಶ್ನೆ ಇಷ್ಟು. ಈ 65536 ಎಲ್ಲಿಂದ ಬಂತು? ಮುಂದಿನ ಸೆಮಿಸ್ಟರ್ ಡೇಟಾ ಸ್ಟ್ರಕ್ಚರ್ ಐತಿ, ಅಲ್ಲಿನೂ ಈ ಹಾಳಿ ಮ್ಯಾಲಿನ ಪದ್ಧತಿ ನಡೀತೈತೇನು? ಮತ್ತ ಎಲ್ಲಾನೂ ಕನ್ನಡದಾಗ ಬರಕೊಂಡು ತಿಳ್ಕೊಳ್ಳೂದು ಮುಂದ ನನಗ ತೊಡಕಾಗ್ತೈತೇನು?

ಲ್ಯಾಬ್_ಹುಬ್ಬಳ್ಳಿ

ತಂಗಿ, ನಾನು ಹುಬ್ಬಳ್ಳಿಯ ಒಂದು ಕಾಲೇಜಿನ್ಯಾಗ 12 ವರ್ಷದಿಂದ ಲ್ಯಾಬ್ ಇನ್‌ಸ್ಟ್ರಕ್ಟರ್. ನಿನಗ "ಮುಂದ ಹೋಗು" ಅಂದದ್ದು ಓದಿ ಮನಸ್ಸಿಗೆ ಹತ್ತಿತು. ನಾನೂ ಗಡಿಬಿಡಿಯೊಳಗ ಯಾರಿಗೋ ಹಂಗ ಅಂದಿರಬೇಕು.

ನಿಮ್ಮ ಲ್ಯಾಬಿನ್ಯಾಗ ಇರೂದು ಟರ್ಬೋ ಸಿ, ನೀಲಿ ಪರದೆಯದ್ದು, ಹೌದಲ್ಲ? ಅದು ಬೋರ್‌ಲ್ಯಾಂಡ್ ಕಂಪನಿ 1987ರಾಗ ಡಾಸ್ ಕಾಲಕ್ಕ ತಂದದ್ದು. ಅದರೊಳಗ ಇಂಟ್, ಅಂದ್ರ ಪೂರ್ಣಾಂಕ ಇಡೂ ಡಬ್ಬಿ, 16 ಬಿಟ್, ಅಂದ್ರ 16 ಮನಿ ಇರೂ ಒಂದು ಸಾಲು. ಒಂದೊಂದು ಮನಿಯೊಳಗ 0 ಇಲ್ಲಾ 1. ಎಲ್ಲಾ ಸೇರಿ 65536 ನಮೂನೆ ಆಗ್ತಾವ, ಅಷ್ಟ. ಅದರೊಳಗ ಅರ್ಧ, 0 ರಿಂದ 32767, ಧನಕ್ಕ ಕೊಟ್ಟಾರ. ಉಳಿದರ್ಧ, -32768 ರಿಂದ -1, ಋಣಕ್ಕ. 5040 ಮೊದಲನೇ ಅರ್ಧದಾಗ ಹಿಡೀತು. 40320 ಎರಡನೇ ಅರ್ಧದಾಗ ಹೋಗಿ ಬಿತ್ತು. ಅಲ್ಲಿ ಇರೂವೆಲ್ಲಾ ಋಣ, ಅದಕ್ಕ 65536 ಕಳದು ತೋರಿಸ್ತು. ಹಳೇ ಕರೆಂಟ್ ಮೀಟರ್ 99999 ಆದ ಮ್ಯಾಲೆ 00000ಕ್ಕ ಬರ್ತಿತ್ತಲ್ಲ, ಅದರ ಅಣ್ತಮ್ಮ ಇದು.

ನಿನ್ನ ಮೊಬೈಲಿನ್ಯಾಗಿನ ಕಂಪೈಲರಿನೊಳಗ ಇಂಟ್ 32 ಬಿಟ್. 2147483647 ಮಟ ಹಿಡೀತೈತಿ. ಅದಕ್ಕ 8 ಸರಿ ಬಂತು, 12ರ ಫ್ಯಾಕ್ಟೋರಿಯಲ್ 479001600 ಕೂಡ ಸರಿ ಬರ್ತೈತಿ. ಈಗ ಒಂದು ಕೆಲಸ ಮಾಡು. ಮೊಬೈಲಿನ್ಯಾಗ 13 ಕೊಟ್ಟು ನೋಡು, ಆಮ್ಯಾಲೆ ಕೈಯಿಂದ ಗುಣಿಸಿ ನೋಡು. ಏನು ಬಂತು ಇಲ್ಲಿ ಬರಿ.

ಇಷ್ಟು ಹಳೇದು ಇನ್ನೂ ಯಾಕ ಇಟ್ಟೀರಿ ಅಂತ ಕೇಳಿದ್ರ, ಹಳೇ ಮಷಿನ್ ಮ್ಯಾಲೂ ಓಡ್ತೈತಿ, ಮ್ಯಾನ್ಯುಯಲ್‌ಗಳು ಅದಕ್ಕ ಬರದಿದ್ದು, ಕಲಿಸೂವವರ ಕೈಗೂ ಅದ ರೂಢಿ. ನನಗ ಇದು ಸರಿ ಕಾಣಂಗಿಲ್ಲ. ಜಿಸಿಸಿ ಅನ್ನೂ ಕಂಪೈಲರ್ ಪುಕ್ಕಟೆ ಸಿಗ್ತೈತಿ, ನಮ್ಮಲ್ಲಿ ಅರ್ಧ ಲ್ಯಾಬಿಗೆ ಹಾಕೇನಿ. ಟರ್ಬೋ ಸಿ ಇರೂ ಮಟ ಅದರ ಒಂದು ಒಳ್ಳೇ ಗುಣ ಬಳಸ್ಕೋ. ಎಫ್7 ಒತ್ತಿದ್ರ ಪ್ರೋಗ್ರಾಮ್ ಒಂದೊಂದ ಸಾಲು ನಡೀತೈತಿ. ಕಂಟ್ರೋಲ್ ಎಫ್7 ಒತ್ತಿ ವೇರಿಯಬಲ್ ಹೆಸರು ಕೊಟ್ರ ಅದರ ಬೆಲೆ ಕೆಳಗ ತೋರಿಸಿಕೋತ ಹೋಗ್ತೈತಿ. ನಿನ್ನ ನೋಟ್‌ಬುಕ್ಕಿನ ಕಾಲಂ ಅಲ್ಲೇ ಪರದೆ ಮ್ಯಾಲೆ ಕಾಣ್ತಾವ.

ಮುಂಡರಗಿ_ಬಿಸಿಎ

ಅಣ್ಣಾರ, ಎಫ್7 ಮಾತು ಆರು ತಿಂಗಳಿನ್ಯಾಗ ನಮಗ ಯಾರೂ ಹೇಳಿರಲಿಲ್ರಿ. ಭಾಳ ಉಪಕಾರ ಆತು.

13 ಕೊಟ್ಟೆ. ಮೊಬೈಲಿನ್ಯಾಗ 1932053504 ಬಂತು. ಕೈಯಿಂದ ಗುಣಿಸಿದ್ರ 6227020800. ಈ ಸಲ ಮೈನಸ್ ಬರ್ಲಿಲ್ಲ! ಕೈಯಿಂದ ನೋಡ್ಲಿಲ್ಲ ಅಂದ್ರ ಸರಿ ಐತಿ ಅಂತನ ತಿಳ್ಕೋತಿದ್ದೆ.

ಲ್ಯಾಬ್_ಹುಬ್ಬಳ್ಳಿ

ಅದನ್ನ ನೀನ ನೋಡಲಿ ಅಂತ ಹೇಳಲಿಲ್ಲ ನಾನು. ಸುತ್ತು ಹೊಡದು ಬಂದು ಮತ್ತ ಧನದ ಅರ್ಧದಾಗ ಬಿತ್ತು, ಅದಕ್ಕ ಮೈನಸ್ ಇಲ್ಲ. ಲ್ಯಾಬಿನ್ಯಾಗ ನಿನಗ ಮೈನಸ್ ಕಂಡದ್ದರಿಂದ ತಪ್ಪೈತಿ ಅಂತ ಗೊತ್ತಾತು. ಮೈನಸ್ ಇಲ್ಲದ ತಪ್ಪು ಉತ್ತರ ಯಾರ ಕಣ್ಣಿಗೂ ಬೀಳದಂಗ ಮುಂದ ಹೋಗಿಬಿಡ್ತೈತಿ.

ಬೆಟಗೇರಿ_ಐದನೇ_ಸೆಮ್

ನಾನೂ ಗದಗದಾಗ ಬಿಸಿಎ, ಐದನೇ ಸೆಮ್. ಅನುಭವ ಛಲೋ ಬರದೀರಿ. ಆದ್ರ ಒಂದು ಮಾತು ನೇರ ಹೇಳ್ತೀನಿ, ಬಾಯಿಪಾಠ ಪೂರ್ತಿ ಬಿಡಬ್ಯಾಡ್ರಿ. ಪರೀಕ್ಷೆಯೊಳಗ ಮೂರು ತಾಸು, ಪ್ರಶ್ನೆ ಹತ್ತಾರು. ಎಲ್ಲಾನೂ ಅಲ್ಲೇ ಕುಂತು ವಿಚಾರ ಮಾಡಿ ಬರದ್ರ ಸಮಯ ಸಾಲಂಗಿಲ್ಲ. ನಾನು ಎರಡನೇ ಸೆಮ್‌ನ್ಯಾಗ ಎಲ್ಲಾ ತಿಳ್ಕೊಂಡ ಬರೀತೀನಿ ಅಂತ ಹೋಗಿ 41 ತಗೊಂಡೆ. ನಮ್ಮ ಮನಿಯಾಗ ಮಗ್ಗದ ಮ್ಯಾಲೆ ಜೀವನ, ಸ್ಕಾಲರ್‌ಶಿಪ್ ನಿಂತ್ರ ಕಾಲೇಜ್ ನಿಂತಂಗ. ಮಾರ್ಕ್ಸ್ ನಮಗ ಸಣ್ಣ ಮಾತಲ್ಲ.

ಮುಂಡರಗಿ_ಬಿಸಿಎ

ನಿಮ್ಮ ಮಾತು ಖರೇ ಐತ್ರಿ. ನಾನೂ ಲೂಪಿನ ರೂಪ, ಅರೇ ಬರೆಯೂ ಕ್ರಮ, ಸ್ಕ್ಯಾನ್‌ಎಫ್‌ನ್ಯಾಗ & ಹಾಕೂದು, ಇವನ್ನ ಕೈಗೆ ರೂಢಿ ಆಗೂ ಮಟ ಬರೀತೀನಿ. ಮಗ್ಗಿ ಬಾಯಿಪಾಠ ಇದ್ದಂಗ. ನಾ ಬಿಟ್ಟದ್ದು ಪೂರ್ತಿ ಪ್ರೋಗ್ರಾಮಿನ ಬಾಯಿಪಾಠ. ನಿಮ್ಮ 41ರ ಮಾತು ಮನಸ್ಸಿನ್ಯಾಗ ಇಟ್ಕೋತೀನಿ, ಪರೀಕ್ಷೆ ಮೊದಲು ಗಡಿಯಾರ ಇಟ್ಟು ಬರದು ನೋಡ್ತೀನಿ.

ವಿದ್ಯಾನಗರ_ಡೆವಲಪರ್

ಕನ್ನಡದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಅದು ನನ್ನದೇ ಕಥೆ. ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದವಳು ನಾನು, ಹುಬ್ಬಳ್ಳಿಯಲ್ಲಿ ಓದಿ ಈಗ ಇಲ್ಲೇ ಒಂದು ಕಂಪನಿಯಲ್ಲಿ ಆರು ವರ್ಷದಿಂದ ಕೆಲಸ. ಕೊನೆಯ ವರ್ಷ ಕ್ಯಾಂಪಸ್ ಸಂದರ್ಶನದಲ್ಲಿ ವೈಲ್‌ಗೂ ಡೂ-ವೈಲ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ಒಂದು ಮೊದಲು ಷರತ್ತು ನೋಡುತ್ತದೆ, ಇನ್ನೊಂದು ಒಂದು ಸಲ ಕೆಲಸ ಮಾಡಿ ಆಮೇಲೆ ನೋಡುತ್ತದೆ. ನನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತಿತ್ತು. ಇಂಗ್ಲಿಷಿನಲ್ಲಿ ಒಂದು ಪೂರ್ತಿ ವಾಕ್ಯ ಬಾಯಿಂದ ಬರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಆದ್ದರಿಂದ ಕನ್ನಡದಲ್ಲಿ ತಿಳಿದುಕೋ, ಅದನ್ನು ಬಿಡಬೇಡ. ನಾನು ಇವತ್ತಿಗೂ ದೊಡ್ಡ ತೊಡಕು ಬಂದರೆ ಹಾಳೆಯ ಮೇಲೆ ಕನ್ನಡದಲ್ಲೇ ಬರೆದು ಬಿಡಿಸಿಕೊಳ್ಳುತ್ತೇನೆ. ಆದರೆ ತಿಳಿದ ಮೇಲೆ ಅದೇ ದಿನ, ಅದೇ ಪ್ರೋಗ್ರಾಮನ್ನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳು. ಓದುವುದಲ್ಲ, ಹೇಳುವುದು. ಗೆಳತಿಗೆ ಹೇಳು, ಯಾರೂ ಇಲ್ಲದಿದ್ದರೆ ಗೋಡೆಗೆ ಹೇಳು. ವ್ಯಾಕರಣ ತಪ್ಪಿದರೂ ಚಿಂತೆಯಿಲ್ಲ. ಮೂರು ವರ್ಷ ಹೀಗೆ ಮಾಡಿದರೆ ನನ್ನ ಹಾಗೆ ಆ ಮೆಟ್ಟಿಲ ಮೇಲೆ ಕೂರುವ ಪ್ರಸಂಗ ನಿನಗೆ ಬರುವುದಿಲ್ಲ.

ಇನ್ನೊಂದು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಅಂತ ಒಂದು ಕೋರ್ಸ್ ಇದೆ, ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ಮೊದಲು ಸ್ಕ್ರ್ಯಾಚ್‌ನಲ್ಲಿ ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಮ್ ಮಾಡಿಸುತ್ತಾರೆ, ಆಮೇಲೆ ಸಿ, ಅದಾದ ಮೇಲೆ ಪೈಥಾನ್. ಇಂಗ್ಲಿಷ್ ವೇಗವಾಗಿದೆ, ಆದರೆ ಕೆಳಗೆ ಬರಹ ಬರುತ್ತದೆ, ನಿಲ್ಲಿಸಿ ನಿಲ್ಲಿಸಿ ನೋಡು. ಎನ್‌ಪಿಟೆಲ್‌ನಲ್ಲಿ ನಮ್ಮ ಐಐಟಿ ಪ್ರಾಧ್ಯಾಪಕರ ಸಿ ಪಾಠಗಳೂ ಇವೆ. ಎರಡರಲ್ಲಿ ಒಂದನ್ನು ಹಿಡಿದು ಮುಗಿಸು, ನಾಲ್ಕನ್ನು ಶುರು ಮಾಡಬೇಡ.

ರಾಣೆಬೆನ್ನೂರು_ತಾಯಿ

ನನ್ನ ಮಗಳೂ ಈ ವರ್ಷ ಕಂಪ್ಯೂಟರ್ ತಗೊಂಡಾಳ್ರಿ. ಮನಿಯಾಗ ಲ್ಯಾಪ್‌ಟಾಪ್ ಇಲ್ಲ ಅಂತ ದಿನಾ ಮುಖ ಸಣ್ಣ ಮಾಡ್ಕೊಂಡು ಕುಂದರ್ತಾಳ. ಲ್ಯಾಪ್‌ಟಾಪ್ ಇಲ್ಲದ ಕಲಿಯಾಕ ಆಗ್ತೈತೇನ್ರಿ? ಸಾಲ ಮಾಡೂಣೇನು?

ಮುಂಡರಗಿ_ಬಿಸಿಎ

ಅಕ್ಕಾರ, ಮೊದಲನೇ ಸೆಮಿಸ್ಟರಿಗೆ ಸಾಲ ಮಾಡಬ್ಯಾಡ್ರಿ. ನಾನು ಒಂದು ನೋಟ್‌ಬುಕ್, ಮೊಬೈಲಿನ್ಯಾಗ ಒಂದು ಕಂಪೈಲರ್ ಇಟ್ಕೊಂಡು ಮುಗಿಸೇನಿ. ಲ್ಯಾಬಿನ್ಯಾಗ ಕೀಬೋರ್ಡ್ ಮಾತ್ರ ಕೇಳಿ ತಗೋಬೇಕು ಅಂತ ಮಗಳಿಗೆ ಹೇಳ್ರಿ. ಅದನ್ನ ಕೇಳಾಕ ನನಗ ಎರಡು ತಿಂಗಳು ಧೈರ್ಯ ಬರ್ಲಿಲ್ಲ.

ಮಾಳಮಡ್ಡಿ_ಮಾಸ್ತರ

ಮಗಳ, ನಿನ್ನ ಬರಹ ಎರಡು ಸಲ ಓದಿದೆ. ನಾನು ಧಾರವಾಡದಾಗ ಹೈಸ್ಕೂಲಿನೊಳಗ ಕನ್ನಡ ಕಲಿಸಿ ನಿವೃತ್ತನಾದವ, ಕಂಪ್ಯೂಟರ್ ನನ್ನ ವಿಷಯ ಅಲ್ಲ. ಆದರ 16 ಮನಿ, ಮನಿಗೆ ಎರಡೇ ಸಾಧ್ಯತೆ, ಒಟ್ಟು 65536 ಅಂತ ಓದಿದ ಮ್ಯಾಲೆ ಸುಮ್ಮನ ಕೂಡಲಿಕ್ಕೆ ಆಗಲಿಲ್ಲ. ನಾವು ಇದನ್ನ ಛಂದಸ್ಸಿನೊಳಗ ಪ್ರಸ್ತಾರ ಅಂತೇವಿ.

ಎಂಟು ಅಕ್ಷರಗಣ ನೀನೂ ಹೈಸ್ಕೂಲಿನೊಳಗ ಬಾಯಿಪಾಠ ಮಾಡಿರ್ತಿ. ಮೂರು ಅಕ್ಷರ, ಪ್ರತಿಯೊಂದೂ ಗುರು ಇಲ್ಲಾ ಲಘು. 2 ಗುಣಿಸು 2 ಗುಣಿಸು 2, ಎಂಟು ಗಣ. ಅವು ಎಂಟೇ ಯಾಕ ಅಂತ ನನ್ನ ವಿದ್ಯಾರ್ಥಿಗಳು ಯಾರೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಈಗ ಅದರ ಬಗ್ಗೆ ಮರುಕ ಆಗ್ತದ.

ಪಾದಕ್ಕ 16 ಅಕ್ಷರ ಇರೋ ಛಂದಸ್ಸಿಗೆ ಅಷ್ಟಿ ಅಂತ ಹೆಸರದ. ಅದರೊಳಗ ಆಗಬಹುದಾದ ವೃತ್ತ 65536. ನಿಮ್ಮ ಆ ಹಳೇ ಕಂಪೈಲರಿನ ಡಬ್ಬಿ ಅಂದ್ರ ಅಷ್ಟಿಯ ಒಂದು ಪಾದ.

ಎಲ್ಲಾ ನಮೂನೆ ಬರಿಯೂದಕ್ಕೂ ಒಂದು ಕ್ರಮ ಅದ. ಮೊದಲನೇ ಸಾಲು ಎಲ್ಲಾ ಗುರು. ಮುಂದಿನ ಸಾಲಿಗೆ, ಎಡದಿಂದ ಮೊದಲು ಸಿಗೋ ಗುರುವಿನ ಕೆಳಗ ಲಘು ಬರಿ. ಅದರ ಬಲಕ್ಕಿದ್ದದ್ದನ್ನ ಇದ್ದಂಗ ಇಳಿಸು. ಅದರ ಎಡಕ್ಕ ಖಾಲಿ ಉಳಿದಲ್ಲೆಲ್ಲ ಗುರು ತುಂಬು. ಎಲ್ಲಾ ಲಘು ಆಗೂ ತನಕ ಹೀಂಗ. ಮೂರು ಅಕ್ಷರಕ್ಕ ಮಾಡಿದ್ರ:

ಗು ಗು ಗು – ಮ
ಲ ಗು ಗು – ಯ
ಗು ಲ ಗು – ರ
ಲ ಲ ಗು – ಸ
ಗು ಗು ಲ – ತ
ಲ ಗು ಲ – ಜ
ಗು ಲ ಲ – ಭ
ಲ ಲ ಲ – ನ

ಸಂಸ್ಕೃತದೊಳಗ ಪಿಂಗಳ, ಕನ್ನಡದೊಳಗ 10ನೇ ಶತಮಾನದ ನಾಗವರ್ಮನ ಛಂದೋಂಬುಧಿ, ಈ ಶಾಸ್ತ್ರದ ದೊಡ್ಡ ಹೆಸರು. ಅವರಿಗೆ ಕಂಪ್ಯೂಟರ್ ಗೊತ್ತಿತ್ತು ಅಂತ ನಾ ಹೇಳೂದಿಲ್ಲ, ಹಂಗ ಹೇಳೋರನ್ನ ಕಂಡರ ನನಗ ಸಂಕಟ ಆಗ್ತದ. ಎರಡೇ ಸಾಧ್ಯತೆ ಇರೋ ವಸ್ತುಗಳನ್ನ ಒಂದೂ ತಪ್ಪದಂಗ, ಒಂದೂ ಎರಡು ಸಲ ಬರದಂಗ ಪಟ್ಟಿ ಮಾಡೂ ಲೆಕ್ಕ ಅವರಿಗೆ ಬೇಕಾಗಿತ್ತು, ಮಾಡಿದ್ರು. ಈ ಕ್ರಮವನ್ನ ನೀ ನಿನ್ನ ಸಿ ಭಾಷೆಯೊಳಗ ಬರದು ತೋರಿಸ್ತಿಯೇನು? ನನಗ ನೋಡೂ ಆಶಾ ಅದ.

ವಿದ್ಯಾನಗರ_ಡೆವಲಪರ್

ಸರ್, ಗುರುವಿಗೆ 0, ಲಘುವಿಗೆ 1 ಹಾಕಿ, ಎಡಗಡೆಯ ಸ್ಥಾನವನ್ನು ಬಿಡಿಸ್ಥಾನ ಎಂದು ಓದಿದೆ. ನೀವು ಬರೆದ ಎಂಟು ಸಾಲು ನೇರವಾಗಿ 0, 1, 2, 3, 4, 5, 6, 7. ಆರು ವರ್ಷದಿಂದ ಈ ಲೆಕ್ಕದಲ್ಲೇ ಊಟ ಮಾಡುತ್ತಿರುವ ನನಗೆ ಗಣಗಳ ಈ ಮ-ಯ-ರ-ಸ-ತ-ಜ-ಭ-ನ ಕ್ರಮ ಎಣಿಕೆಯ ಕ್ರಮ ಎಂದು ಇವತ್ತೇ ಗೊತ್ತಾದದ್ದು. ಮುಂಡರಗಿ ತಂಗಿ, ಇದನ್ನು ನೀನೇ ಬರಿ. ನಾವು ಯಾರೂ ಉತ್ತರ ಹಾಕುವುದಿಲ್ಲ.

ಮುಂಡರಗಿ_ಬಿಸಿಎ

ಎರಡು ದಿವಸ ಬಸ್ಸಿನ್ಯಾಗ ಕುಂತು ಬರದೆ. ಗುರುಗಳ, ನಿಮ್ಮ ಎಂಟು ಸಾಲು ನೋಡಿಕೋತ ಇದ್ದಾಗ ಒಂದು ಹೊಳೀತು. 472ನ್ನ ತಿರುಗಿಸಿದ್ನಲ್ಲ, ಅಲ್ಲಿ 10ರಿಂದ ಭಾಗಿಸಿ ಶೇಷ ತೆಗೀತಿದ್ದೆ. ಇಲ್ಲಿ 10ರ ಬದಲಿ 2. ಶೇಷ 0 ಬಂದ್ರ ಗುರು, 1 ಬಂದ್ರ ಲಘು. 6 ತಗೊಂಡ್ರ, ಶೇಷ 0, ಉಳಿದದ್ದು 3. ಶೇಷ 1, ಉಳಿದದ್ದು 1. ಶೇಷ 1, ಉಳಿದದ್ದು 0. ಗುರು ಲಘು ಲಘು, ಭ ಗಣ. ಬರೋಬ್ಬರಿ!

ಹಂಗಂತ ಹೊರಗಿನ ಲೂಪಿಗೆ ಐ, 0 ರಿಂದ 7 ಮಟ. ಒಳಗಿನ ಲೂಪಿಗೆ ಜೆ, ಮೂರು ಸಲ. ಒಳಗ ಐ % 2 ನೋಡಿ ಗುರುವೋ ಲಘುವೋ ಬರಿಯೂದು, ಆಮ್ಯಾಲೆ ಐ = ಐ / 2. ಓಡಿಸಿದೆ. ಮೊದಲನೇ ಸಾಲು ಮ ಗಣ ಬಂತು. ಎರಡನೇದು ಯ ಗಣ ಬಂತು. ಮೂರನೇದೂ ಯ, ನಾಕನೇದೂ ಯ, ನಿಲ್ಲಲೇ ಇಲ್ಲ. ಆ್ಯಪ್ ಬಂದ್ ಮಾಡಬೇಕಾತು. ರಾತ್ರಿ ಹನ್ನೊಂದಾಗೈತಿ, ಕಣ್ಣು ಹಿಡೀವಲ್ಲವು.

ಬೆಟಗೇರಿ_ಐದನೇ_ಸೆಮ್

ಉತ್ತರ ಹೇಳಂಗಿಲ್ಲ. ನಿಮ್ಮ ನೋಟ್‌ಬುಕ್ ತಗೀರಿ. ಐ ಅಂತ ಒಂದು ಕಾಲಂ ಹಾಕ್ರಿ, ಒಳಗಿನ ಲೂಪ್ ಮುಗಿದ ಮ್ಯಾಲೆ ಅದರೊಳಗ ಏನು ಉಳದೈತಿ ಬರೀರಿ. ಈಗಲ್ಲ, ಮುಂಜಾನೆ.

ಮುಂಡರಗಿ_ಬಿಸಿಎ

ಸಿಕ್ಕಿತು! ಮುಂಡರಗಿ ಬಸ್ ನಿಲ್ದಾಣ ದಾಟೂದ್ರೊಳಗ ಸಿಕ್ಕಿತು.

ಐ 0 ಇದ್ದಾಗ ಭಾಗಿಸಿದ್ರೂ 0, ಲೂಪ್ ಅದನ್ನ 1 ಮಾಡ್ತು. 1ನ್ನ ಮೂರು ಸಲ ಭಾಗಿಸಿ ನಾನ 0 ಮಾಡಿಟ್ಟೆ, ಲೂಪ್ ಮತ್ತ 1 ಮಾಡ್ತು. ಎಣಿಸಾಕ ಇಟ್ಟ ಡಬ್ಬಿಯನ್ನ ನಾನ ಒಳಗಿಂದ ಖಾಲಿ ಮಾಡಿಕೋತ ಕುಂತಿದ್ದೆ, ಅದು 2ಕ್ಕ ಹೋಗಲೇ ಇಲ್ಲ. ಈಗ ಐ ಅನ್ನ ಟಿ ಅನ್ನೂ ಇನ್ನೊಂದು ಡಬ್ಬಿಗೆ ಇಳಿಸಿಕೊಂಡು ಅದನ್ನ ಭಾಗಸ್ತೀನಿ. ಎಂಟೂ ಗಣ ಬಂದ್ವು, ಗುರುಗಳು ಬರದ ಕ್ರಮದಾಗ. ಬೆಟಗೇರಿ ಅಣ್ಣಾರ, ನೀವು ಉತ್ತರ ಹೇಳಲಿಲ್ಲ ಅನ್ನೂದಕ್ಕ ನಿಮಗ ಕೈ ಮುಗೀತೀನಿ.

ಇನ್ನೊಂದು ಹೇಳಬೇಕು. ಎಷ್ಟು ಅಕ್ಷರ ಅಂತ ಬಳಕೆದಾರರ ಕಡೆನ ಕೇಳೂ ಹಂಗ ಮಾಡಿದೆ. ಮಿತಿಯನ್ನ 1 ರಿಂದ ಶುರು ಮಾಡಿ ಅಷ್ಟು ಸಲ 2ರಿಂದ ಗುಣಿಸೂದು. ಇವತ್ತ ಲ್ಯಾಬಿನ್ಯಾಗ ಹಾಕಿದೆ. 4ಕ್ಕ 16 ಸಾಲು ಬಂದ್ವು. 15 ಕೊಟ್ಟೆ, ಒಂದ ಸಾಲೂ ಬರ್ಲಿಲ್ಲ. ಪಕ್ಕದಾಕಿ ಪ್ರೋಗ್ರಾಮ್ ಕೆಡ್ತು ಅಂದ್ಲು. ಮಿತಿ 32768 ಆಗಬೇಕಿತ್ತು, ಡಬ್ಬಿಯೊಳಗ ಹಿಡಿಯೂದು 32767. ಒಂದು ಹೆಚ್ಚಾಗಿ -32768 ಆಗಿ ಕುಂತೈತಿ. 0 ಅದಕ್ಕಿಂತ ಸಣ್ಣದಲ್ಲ, ಅದಕ್ಕ ಲೂಪ್ ಒಳಗ ಹೋಗಲೇ ಇಲ್ಲ. ಕಂಟ್ರೋಲ್ ಎಫ್7 ಒತ್ತಿ ಆಕಿಗೆ ತೋರಿಸಿದೆ. ಇಂಟ್ ತಗದು ಅದಕ್ಕಿಂತ ದೊಡ್ಡ ಡಬ್ಬಿ ಲಾಂಗ್ ಹಾಕಿದ್ವಿ, ಸಾಲುಗಳು ಓಡಾಕ ಹತ್ತಿದ್ವು.

ಮಾಳಮಡ್ಡಿ_ಮಾಸ್ತರ

ಮಗಳ, ನಿನ್ನ ಬರಹ ನನ್ನ ಮನಿಯವರಿಗೂ ಓದಿ ಹೇಳಿದೆ. ಉತ್ಪಲಮಾಲೆಗೆ ಪಾದಕ್ಕ 20 ಅಕ್ಷರ. ಹತ್ತು ಲಕ್ಷಕ್ಕೂ ಮಿಕ್ಕಿದ ಆ ಪಟ್ಟಿಯೊಳಗ ಅದು ಎಷ್ಟನೇ ಸಾಲಿಗೆ ಬರ್ತದ ಅಂತ ನಿನ್ನ ಪ್ರೋಗ್ರಾಮ್ ಹುಡುಕಬಲ್ಲದೇನು? ಪ್ರಸ್ತಾರ ಹಾಕದ ಸ್ಥಾನ ಹೇಳೂ ಕ್ರಮಕ್ಕ ನಮ್ಮಲ್ಲಿ ಉದ್ದಿಷ್ಟ ಅಂತಾರ. ಅವಸರ ಇಲ್ಲ.

ಲ್ಯಾಬ್_ಹುಬ್ಬಳ್ಳಿ

ಡೇಟಾ ಸ್ಟ್ರಕ್ಚರಿನ್ಯಾಗ ಹಾಳಿ ನಡೀತೈತೇನು ಅಂತ ಕೇಳಿದ್ಯಲ್ಲ, ಅಲ್ಲಿ ಅದು ಬೇಕ ಬೇಕು. ಲಿಂಕ್ಡ್ ಲಿಸ್ಟಿಗೆ (ಒಂದಕ್ಕೊಂದು ಕೊಂಡಿ ಹಾಕಿದ ಡಬ್ಬಿಗಳ ಸಾಲು) ಕಾಲಂ ಬದಲಿ ಡಬ್ಬಿ ಬರದು ಬಾಣ ಹಾಕು. ಪಾಯಿಂಟರ್ ಅಂದ್ರ ಡಬ್ಬಿಯ ವಿಳಾಸ ಇಟ್ಕೊಂಡ ಡಬ್ಬಿ. ಸ್ಕ್ಯಾನ್‌ಎಫ್‌ನ್ಯಾಗ & ಹಾಕ್ತಿದ್ಯಲ್ಲ, ಅಲ್ಲಿ ವಿಳಾಸ ಕೊಡೂದನ್ನ ಮೊದಲನೇ ತಿಂಗಳದಿಂದ ಮಾಡೀದಿ. ಒಳಗ ತಂದು ಇಡಬೇಕು ಅಂದ್ರ ವಿಳಾಸ ಬೇಕು, ಅದಕ್ಕ ಅಲ್ಲಿ &. ಪ್ರಿಂಟ್‌ಎಫ್‌ಗೆ ಒಳಗಿದ್ದದ್ದು ಸಾಕು.

ಬ್ಯಾಡಗಿ_ಹುಡುಗ

ನಮಸ್ಕಾರ ಅಕ್ಕಾ, ಡಿಪ್ಲೊಮಾ ಮೊದಲ ವರ್ಷ ನಾನು. ಇದನ್ನೆಲ್ಲಾ ಓದಿ ನಮ್ಮ ಮೆಣಸಿನಕಾಯಿಗೆ ಒಂದು ಪ್ರೋಗ್ರಾಮ್ ಬರದೆ. ಐದು ಚೀಲದ ತೂಕ ಹಾಕಿದ್ರ ಸರಾಸರಿ ತಗದು 60 ಚೀಲಕ್ಕ ಅಂದಾಜು ಎಷ್ಟು ಅಂತ ಹೇಳಬೇಕು. ಐದು ಚೀಲದ ಮೊತ್ತ 212 ಕಿಲೋ. ಸರಾಸರಿ 42.000000 ಬರ್ತೈತಿ, 60 ಚೀಲಕ್ಕ 2520. ಅಪ್ಪ ಬಾಯಿಲೆಕ್ಕದಾಗ 2544 ಅಂದ್ರು, 24 ಕಿಲೋ ಎಲ್ಲಿ ಹೋತು ಅಂತ ಕೇಳಾಕತ್ಯಾರ. ಸರಾಸರಿಗೆ ದಶಾಂಶ ಹಿಡಿಯೂ ಡಬ್ಬಿ ಫ್ಲೋಟ್ ಹಾಕೇನಿ, ಆದ್ರೂ ಹಿಂಗ ಯಾಕ?

ಮುಂಡರಗಿ_ಬಿಸಿಎ

ತಮ್ಮಾ, ಒಂದು ಹಾಳಿ ತಗೋ. ನಾಕು ಕಾಲಂ ಹಾಕು: ಮೊತ್ತ, ಚೀಲ, ಭಾಗಾಕಾರದ ಉತ್ತರ, ಸರಾಸರಿ. ಕಾಲಂ ಮ್ಯಾಲೆ ಯಾವುದು ಇಂಟ್, ಯಾವುದು ಫ್ಲೋಟ್ ಅಂತ ಬರಿ. ಸಮ ಚಿಹ್ನೆಯ ಬಲಕ್ಕಿದ್ದದ್ದು ಮೊದಲು ನಡೀತೈತಿ, ಎಡಕ್ಕಿರೂ ಡಬ್ಬಿ ಆಮ್ಯಾಲೆ ತುಂಬತೈತಿ. 212 ಭಾಗಿಸು 5 ನಡೆಯೂ ಹೊತ್ತಿನ್ಯಾಗ ಅಲ್ಲಿ ಫ್ಲೋಟ್ ಯಾರಾದ್ರೂ ಅದಾರೇನು ನೋಡು. 472ನ್ನ 10ರಿಂದ ಭಾಗಿಸಿದಾಗ ನನಗ 47.2 ಯಾಕ ಬರಲಿಲ್ಲ, 47 ಯಾಕ ಬಂತು, ಅದನ್ನೂ ವಿಚಾರ ಮಾಡು. ಬರದು ಇಲ್ಲಿ ಹಾಕು, ನಾ ಸಂಜಿ ಬಸ್ಸಿನ್ಯಾಗ ನೋಡ್ತೀನಿ.

ಬ್ಯಾಡಗಿ_ಹುಡುಗ

ಎರಡೂ ಇಂಟ್ ಇದ್ವು ಅಕ್ಕಾ. ಭಾಗಾಕಾರದಾಗ 42 ಆಗಿ, 0.4 ಅಲ್ಲೇ ಬಿದ್ದುಹೋಗಿ, ಆಮ್ಯಾಲೆ ಫ್ಲೋಟಿನ ಡಬ್ಬಿಗೆ ಬಂದೈತಿ. ಮೊತ್ತಕ್ಕ ಫ್ಲೋಟ್ ಮಾಡಿದೆ, 42.400002 ಅಂತ ಬಂತು, 60 ಚೀಲಕ್ಕ 2544. ಅಪ್ಪಗ ತೋರಿಸಿದೆ, ಈಗ ನೂರು ಚೀಲಕ್ಕ ಕೇಳಾಕತ್ಯಾರ. ಆದ್ರ ಅಕ್ಕಾ, ಕಡೀಕ ಆ 2 ಎಲ್ಲಿಂದ ಬಂತು?

ಮುಂಡರಗಿ_ಬಿಸಿಎ

ಅದು ನನಗೂ ಗೊತ್ತಿಲ್ಲ ತಮ್ಮಾ. ಹಾಳಿ ತಗದೇನಿ. ಲ್ಯಾಬ್ ಅಣ್ಣಾರ, ಎರಡು ದಿವಸ ಉತ್ತರ ಹೇಳಬ್ಯಾಡ್ರಿ.